ಬೋರ್ಡಿಲ್ಲದ ನಾಯಿ

ಗೇಟಿನ ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡಿತ್ತು. ಒಳಗೆ ಕಟ್ಟಿಹಾಕಿದ್ದ ಮನೆನಾಯಿ, ಹೊರಗೆ ನಿಂತು ದಾರಿಹೋಕರನ್ನೆಲ್ಲ ನೋಡಿ ಬೊಗಳುತ್ತಿದ್ದ ಬೀದಿನಾಯಿಯನ್ನು ಕೇಳಿತು:

"ನಿನ್ನನ್ನು ಯಾರು ನೇಮಿಸಿದರು?"

"ಯಾರೂ ಇಲ್ಲ. ಬೊಗಳುವುದೆಂದರೆ ನನಗೆ ಇಷ್ಟ."

"ಹಾಗಾದರೆ ನೀನು ಬರೀ ಹವ್ಯಾಸಿ. ನಾನು ವೃತ್ತಿಪರ. ನನ್ನ ಕೆಲಸ ರಾತ್ರಿ ಎಂಟಕ್ಕೆ, ಸರಪಳಿ ಬಿಚ್ಚಿದ ಮೇಲೆ."

ಅಷ್ಟರಲ್ಲಿ ಕಾಂಪೌಂಡಿನಿಂದ ಕೋತಿಯೊಂದು ಇಳಿದು, ಮನೆನಾಯಿಯ ಮಧ್ಯಾಹ್ನದ ಅನ್ನದ ತಟ್ಟೆಯನ್ನು ಎಳೆದುಕೊಂಡಿತು. ಮನೆನಾಯಿ ನೆಗೆಯಿತು, ಸರಪಳಿ ಒಂದು ಗೇಣು ಸಾಲದೆ ಹೋಯಿತು. ಬೀದಿನಾಯಿ ಗೇಟಿನಡಿ ನುಸುಳಿ ಬಂದು ಕೋತಿಯನ್ನು ಓಡಿಸಿತು. ಬಳಿಕ ತಟ್ಟೆಯನ್ನು ಮೂತಿಯಿಂದ ತಳ್ಳಿಕೊಟ್ಟು ಹೊರಟಿತು.

ಮನೆನಾಯಿ ಎರಡು ತುತ್ತು ತಿಂದು ತಲೆಯೆತ್ತಿತು.

"ಅಣ್ಣಾ, ನಿಮ್ಮ ಈ ಹವ್ಯಾಸ ನಾಳೆ ಮಧ್ಯಾಹ್ನವೂ ಇರುತ್ತದೆ ತಾನೇ?"