ಸುಕ್ಕು ನಿಲ್ಲುವ ಬಟ್ಟೆ

"ಅಜ್ಜಾರೆ, ಹನ್ನೊಂದು ವರ್ಷ ನಿಮ್ಮ ಪಾದದ ಹತ್ತಿರ ಇದ್ದರೂ ನನ್ನ ಮನಸ್ಸು ಯಾಕೆ ಗಟ್ಟಿಯಾಗಲಿಲ್ಲ?"

ಶಿಷ್ಯ ಅಡವಯ್ಯ ಹೀಗೆ ಕೇಳಿದ. ಕೇಳುವ ಮುನ್ನ ತನ್ನ ಕಾವಿ ಶಾಲನ್ನು ಅಚ್ಚುಕಟ್ಟಾಗಿ ಮಡಿಸಿ ಗುರುಗಳ ಮುಂದೆ ಇಟ್ಟಿದ್ದ. ಮಠದ ಹಿರಿಯ ಗುರುಗಳನ್ನು ಆ ಸೀಮೆಯವರೆಲ್ಲ ಅಜ್ಜಾರೆಂದೇ ಕರೆಯುತ್ತಿದ್ದರು. ಅವರು ಶಾಲನ್ನು ನೋಡಿದರು, ಮುಟ್ಟಲಿಲ್ಲ.

ನಡೆದದ್ದು ಇಷ್ಟು. ಊರಿನ ಬಡಿಗೇರ ಮನೆಯ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳ ತಾಯಿ ಬಾಳವ್ವ ಅಂದಿನಿಂದ ಮಾತೂ ಆಡಲಿಲ್ಲ, ಗಂಜಿಯನ್ನೂ ಮುಟ್ಟಲಿಲ್ಲ. ಹೋಗಿ ನಾಲ್ಕು ಸಮಾಧಾನದ ಮಾತು ಹೇಳಿ ಬಾ ಎಂದು ಅಜ್ಜಾರು ಅಡವಯ್ಯನನ್ನು ಕಳಿಸಿದರು. ಹೇಳಬೇಕಾದ್ದನ್ನೆಲ್ಲ ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದ. ಹುಟ್ಟಿದವರು ಒಂದು ದಿನ ಹೋಗಲೇಬೇಕು ಎಂದು ಆರಂಭಿಸಿದ. ಬಾಳವ್ವ ತಲೆಯೆತ್ತಿ ಅವನನ್ನು ನೋಡಿದಳು. ಹತ್ತು ಜನರ ಎದುರು ಅಡವಯ್ಯ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. "ಸಮಾಧಾನ ಹೇಳಲು ಬಂದವರಿಗೇ ಈಗ ನಾವು ಸಮಾಧಾನ ಹೇಳಬೇಕಲ್ಲಪ್ಪ" ಎಂದು ಯಾರೋ ಹಿಂದಿನಿಂದ ಅಂದದ್ದು ಅವನ ಕಿವಿಗೂ ಬಿತ್ತು.

ಎರಡು ದಿನದಿಂದ ಆ ಮಾತು ಅವನನ್ನು ತಿನ್ನುತ್ತಿತ್ತು. ಬಾಳವ್ವ ಇನ್ನೂ ಉಣ್ಣುತ್ತಿಲ್ಲ ಎಂಬುದು ಅದಕ್ಕಿಂತ ಹೆಚ್ಚು ತಿನ್ನುತ್ತಿತ್ತು.

"ಆ ತಾಯಿಯ ಹತ್ತಿರ ಬೇರೆ ಯಾರನ್ನಾದರೂ ಕಳಿಸಿರಿ. ಅಲುಗಾಡದವರನ್ನು ಕಳಿಸಿರಿ. ನನಗೆ ಈ ಕಾವಿ ತಕ್ಕದ್ದಲ್ಲ" ಎಂದ.

ಅಜ್ಜಾರು ಕೂತುಕೋ ಎಂದು ಕೈಸನ್ನೆ ಮಾಡಿ ಒಂದು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ನಾವು ಚಟ್ನಿಪುಡಿ ಮಾಡಿಕೊಂಡು ರೊಟ್ಟಿಗೆ ಹಚ್ಚಿ ತಿನ್ನುತ್ತೇವಲ್ಲ, ಆ ಅಗಸೆ. ಅದರ ದಂಟಿನ ನಾರಿನಿಂದ ನೇಯ್ದ ಬಟ್ಟೆ ಅವನ ಸರಕು. ಲಿನನ್ ಎನ್ನುತ್ತಾರೆ. ಅಂಗಿಯ ಬಟ್ಟೆ, ಕುಪ್ಪಸದ ಬಟ್ಟೆ, ಹಾಸಿಗೆಯ ಚಾದರ, ದಿಂಬಿನ ಚೀಲ, ಎಲ್ಲವೂ ಅವನಲ್ಲಿ ಸಿಗುತ್ತಿದ್ದವು. ಅಪ್ಪಟ ಬೇಕೆಂದವರು ಮೂರು ಊರು ದಾಟಿ ಅವನ ಅಂಗಡಿಗೇ ಬರುತ್ತಿದ್ದರು.

ಬಂದವರಿಗೆಲ್ಲ ಅವನು ಒಂದು ಪರೀಕ್ಷೆ ಕಲಿಸುತ್ತಿದ್ದ. "ನನ್ನ ಮಾತು ನಂಬಬೇಡಿ, ನಿಮ್ಮ ಕೈ ನಂಬಿ. ಬಟ್ಟೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಇಪ್ಪತ್ತು ಎಣಿಸಿ ಬಿಡಿ. ಸುಕ್ಕು ನಿಂತರೆ ಅಪ್ಪಟ. ಏನೂ ಆಗದವರ ಹಾಗೆ ಬಿಚ್ಚಿಕೊಂಡರೆ ಬೆರಕೆ" ಎನ್ನುತ್ತಿದ್ದ. ಪಾಲಿಯೆಸ್ಟರ್ ಎಳೆ ಕೂಡಿಸಿದ ಆ ಬೆರಕೆ ಬಟ್ಟೆಯೂ ಅವನಲ್ಲಿತ್ತು, ಕೆಳಗಿನ ಹಲಗೆಯ ಮೇಲೆ. ಇಸ್ತ್ರಿಯ ಗೋಜು ಬೇಡ ಎನ್ನುವವರಿಗೆ ಅದನ್ನು ಕೊಡುತ್ತಿದ್ದ, ಬೆರಕೆಯೆಂದು ಹೇಳಿಯೇ ಕೊಡುತ್ತಿದ್ದ. ಅವನದು ಸುಳ್ಳಿನ ವ್ಯಾಪಾರ ಅಲ್ಲ. ಅದನ್ನು ಮರೆಯಬೇಡ.

ಒಂದು ಬೇಸಿಗೆಯಲ್ಲಿ ಅವನ ತಾಯಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದಳು. ಮಗ ತನ್ನ ಅಂಗಡಿಯ ಒಳ್ಳೆಯ ಚಾದರವನ್ನೇ ಹಾಸಿದ್ದ, ಹತ್ತಾರು ಸಲ ಒಗೆದು ಮೆತ್ತಗಾದದ್ದು. ಆದರೆ ಮಲಗಿದವಳು ಇಡೀ ದಿನ ನೋವಿಗೆ ಅತ್ತಿತ್ತ ಒದ್ದಾಡುತ್ತಾಳೆ. ಮುಂಜಾನೆ ಹಾಸಿದ ಚಾದರ ಮಧ್ಯಾಹ್ನಕ್ಕೆ ಮುದ್ದೆಯಾಗುತ್ತಿತ್ತು. ಅವನು ಎಳೆದು ಸರಿಮಾಡುತ್ತಿದ್ದ, ಅದು ಮತ್ತೆ ಸುಕ್ಕಾಗುತ್ತಿತ್ತು.

ಅಷ್ಟರಲ್ಲಿ ಬೀಗರು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ದೊಡ್ಡ ಮನೆತನ, ಮಾತಿನಲ್ಲಿ ಮೊನಚು. ವ್ಯಾಪಾರಿ ತಾಯಿಯ ಹಾಸಿಗೆಯನ್ನು ಅವರ ಕಣ್ಣಿನಿಂದ ನೋಡಿದ. ಬಟ್ಟೆ ಮಾರುವವನ ಮನೆಯಲ್ಲಿ ಹೆತ್ತವಳ ಹಾಸಿಗೆ ಹೀಗಿದೆ ಎಂದು ಆಡಿಕೊಂಡಾರು ಅನ್ನಿಸಿತು. ನಾಚಿಕೆಯಾಯಿತು. ಪಾಪ, ತಾಯಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಪ್ರೀತಿ ಇದ್ದದ್ದಕ್ಕೇ ನಾಚಿಕೆ. ಅಂಗಡಿಗೆ ಓಡಿದ. ಕೆಳಗಿನ ಹಲಗೆಯಿಂದ ಬೆರಕೆ ಚಾದರ ತಂದ, ಅದೇ ಬಟ್ಟೆಯ ಕುಪ್ಪಸವನ್ನೂ ತಂದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ. ನಲವತ್ತು ವರ್ಷ ಊರಿಗೆಲ್ಲ ಹೇಳಿದ್ದನ್ನು ತನ್ನ ಮನೆಯ ಹೊಸ್ತಿಲಲ್ಲಿ ಮರೆತ.

ಬೀಗರು ಬಂದರು. ಹಾಸಿಗೆ ಎಷ್ಟು ಚೊಕ್ಕಟವಾಗಿದೆ, ಮಗ ಅಂದರೆ ಹೀಗಿರಬೇಕು ಎಂದರು. ಅವರು ಹೋದರು, ಓಣಿಯವರು ಬಂದರು. ಅವರೂ ಅದನ್ನೇ ಅಂದರು. ಚಾದರ ತೆಗೆಯುವ ಮನಸ್ಸು ಅವನಿಗೆ ಆಗಲಿಲ್ಲ. ಹೇಗಿದೆ ಅವ್ವಾ ಎಂದು ದಿನವೂ ಕೇಳುತ್ತಿದ್ದ. ಚೆನ್ನಾಗಿದೆಯಪ್ಪ ಎನ್ನುತ್ತಿದ್ದಳು. ಮಗನ ಮುಖದ ಗೆಲುವು ಅವಳಿಗೂ ಕಾಣುತ್ತಿತ್ತು.

ಐದನೆಯ ದಿನ ಮೈ ಒರೆಸಲು ಅವಳನ್ನು ಮಗ್ಗುಲಿಗೆ ಹೊರಳಿಸಿದ. ಬೆನ್ನೆಲ್ಲ ಕೆಂಪಾಗಿತ್ತು. ಎರಡು ಕಡೆ ಚರ್ಮ ಸುಲಿದಿತ್ತು. ಚಾದರದ ಮೇಲೆ ಕೈಯಾಡಿಸಿದ. ಒಂದೂ ಸುಕ್ಕಿಲ್ಲ. ಬೆವರು ಒಳಗೆ ಇಳಿಯದೆ ಮೇಲೆಯೇ ನಿಂತಿತ್ತು, ಕೈ ಒದ್ದೆಯಾಯಿತು. ಐದು ದಿನ ಆ ಮುದುಕಿ ತನ್ನ ಬೆವರಿನಲ್ಲೇ ಮಲಗಿದ್ದಳು.

ಅವನು "ಯಾಕವ್ವಾ ಹೇಳಲಿಲ್ಲ?" ಎಂದ.

"ಬಂದವರೆಲ್ಲ ನಿನ್ನನ್ನು ಹೊಗಳುತ್ತಿದ್ದರಲ್ಲಪ್ಪ, ನಡುವೆ ನಾನೇನು ಹೇಳಲಿ" ಎಂದಳು ತಾಯಿ. ಆಮೇಲೆ, "ಆ ಹಳೆಯದನ್ನೇ ಹಾಸು. ನಾನು ಮಲಗಿದ್ದೇನೆ ಅಂತ ಅದಕ್ಕೆ ಗೊತ್ತಾಗುತ್ತದೆ" ಎಂದಳು.

ಅವನು ಹಳೆಯ ಚಾದರ ಹುಡುಕಿ ತಂದು ಹಾಸಿದ. ಹಳೆಯ ಕುಪ್ಪಸ ತೊಡಿಸಿದ. ಅವಳು ಮಲಗಿದಳು, ಬಟ್ಟೆ ಅವಳ ಮೈಯ ಕೆಳಗೆ ಮೆಲ್ಲಗೆ ಮುದುರಿಕೊಂಡಿತು. ಎಷ್ಟೋ ದಿನದ ಮೇಲೆ ಅವಳಿಗೆ ಕಣ್ತುಂಬ ನಿದ್ದೆ ಬಂತು. ಮಗ ಪಕ್ಕದಲ್ಲಿ ಕುಳಿತು ಬೀಸಣಿಗೆ ಬೀಸಿದ. ಮರುದಿನ ನೋಡಲು ಬಂದವರು ಹಾಸಿಗೆ ಯಾಕೆ ಹೀಗೆ ಮುದ್ದೆಯಾಗಿದೆ ಎಂದು ಕೇಳಿದರು. ಅವ್ವ ಮಲಗಿದ್ದಾಳೆ, ಅದಕ್ಕೆ ಎಂದ. ಅವಳ ಬೆನ್ನು ಮಾಯಲು ಹದಿನೈದು ದಿನ ಹಿಡಿಯಿತು.

ಅಜ್ಜಾರು ಇಷ್ಟು ಹೇಳಿ ನೀರು ಕುಡಿದರು.

ಅಡವಯ್ಯ ನೆಲ ನೋಡುತ್ತ ಕುಳಿತಿದ್ದ. ಕತೆ ತನ್ನ ಕಡೆಗೇ ಬರುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಚಾದರದ ಮಾತು ಬೇರೆ, ಸ್ವಾಮಿಯ ಮಾತು ಬೇರೆ. ಸಾವಿನ ಮನೆಯಲ್ಲಿ ತಾನು ಅತ್ತದ್ದರಿಂದ ಯಾರ ಹೊಟ್ಟೆ ತುಂಬಿತು?

"ಕತೆ ಚೆನ್ನಾಗಿದೆ ಅಜ್ಜಾರೆ. ಆದರೆ ಬಾಳವ್ವ ಇನ್ನೂ ಉಪವಾಸ ಇದ್ದಾಳಲ್ಲ. ನನ್ನ ಅಳುವಿನಿಂದ ಅವಳಿಗೆ ಏನಾಯಿತು?" ಎಂದ. ಅವನ ಕಣ್ಣು ಮತ್ತೆ ತುಂಬಿತು. ಅದಕ್ಕೂ ಅವನಿಗೆ ನಾಚಿಕೆಯಾಯಿತು.

ಅಜ್ಜಾರು ಮುಂದಿದ್ದ ಕಾವಿ ಶಾಲನ್ನು ಎತ್ತಿಕೊಂಡು ಒಮ್ಮೆ ಕೊಡವಿದರು. ಅವನು ಅಷ್ಟು ಜೋಪಾನವಾಗಿ ಮಡಿಸಿದ್ದೆಲ್ಲ ಬಿಚ್ಚಿಹೋಯಿತು. ಅದನ್ನು ಅವನ ಹೆಗಲ ಮೇಲೆ ಹಾಕಿ, ಮೆಲ್ಲಗೆ ಹೇಳಿದರು:

"ಬಾಳವ್ವ ಇವತ್ತು ಮುಂಜಾನೆ ಬಾಯಿ ಬಿಟ್ಟಳಂತೆ ಅಡವಯ್ಯ, ಮೊನ್ನೆ ಬಂದು ಅತ್ತರಲ್ಲ, ಆ ಸ್ವಾಮಿಗಳು ಬಂದು ಕೂತರೆ ಗಂಜಿ ಕುಡಿಯುತ್ತೇನೆ ಎಂದಳಂತೆ."