ಎಂಜಿನ್ ಹಿಂದೆಯೇ ಇರುತ್ತದೆ

“ಗುರುಗಳೇ, ಪಾಠ ಹೇಳುವ ಕ್ರಮವನ್ನು ಬದಲಿಸಿ ಎಂದು ನನ್ನಲ್ಲಿ ಕಲಿಯಲು ಬರುವ ಹೊಸಬರೆಲ್ಲ ಪೀಡಿಸುತ್ತಾರೆ. ನಾನು ಒಂದಕ್ಷರವನ್ನೂ ಬದಲಿಸಿಲ್ಲ. ಹೀಗೆ ಹಟ ಹಿಡಿದು ನಿಲ್ಲುವುದು ತಪ್ಪೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಜರ್ಮನಿಯಲ್ಲಿ ಓಟ್ಮಾರ್ ಎಂಬ ಎಂಜಿನಿಯರ್ ಇದ್ದ. ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಭಾರಿ ವೇಗದ ಕಾರೊಂದು ತಯಾರಾಗುತ್ತಿತ್ತು. ಬೇರೆ ಕಾರುಗಳಲ್ಲಿ ಎಂಜಿನ್ ಮುಂದಿದ್ದರೆ, ಇದರಲ್ಲಿ ಹಿಂದಿನ ಚಕ್ರಗಳಿಗೂ ಹಿಂದೆ ಇತ್ತು. ಆ ಭಾರದಿಂದಲೇ ಚಕ್ರಗಳು ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು. ಕಾರು ಬಾಣದಂತೆ ಚಿಮ್ಮುತ್ತಿತ್ತು. ಆದರೆ ತಿರುವಿನಲ್ಲಿ ಅದೇ ಭಾರ ಕಾರಿನ ಹಿಂಭಾಗವನ್ನು ಆಚೆಗೆ ಎಳೆಯುತ್ತಿತ್ತು. ಕಾರನ್ನು ಓಡಿಸಿ ಪರೀಕ್ಷಿಸುತ್ತಿದ್ದವನು ಓಟ್ಮಾರನ ಗೆಳೆಯ ಯೋಸ್ಟ್. ಒಂದು ದಿನ ಒದ್ದೆ ರಸ್ತೆಯಲ್ಲಿ ಕಾರು ಗಿರ್ರನೆ ತಿರುಗಿ ಮರಕ್ಕೆ ಗುದ್ದಿತು. ಯೋಸ್ಟನ ಕಾಲು ಮುರಿಯಿತು.

ಮಾಲೀಕರು ಸಭೆ ಕರೆದರು. “ಎಂಜಿನನ್ನು ಮುಂದಕ್ಕೆ ತನ್ನಿ. ಆಗದಿದ್ದರೆ ಈ ಕಾರನ್ನೇ ನಿಲ್ಲಿಸಿಬಿಡಿ” ಎಂದರು. ಎಲ್ಲರೂ ತಲೆಯಾಡಿಸಿದರು.

ಓಟ್ಮಾರ್ ಎದ್ದು ನಿಂತ. ಆಸ್ಪತ್ರೆಯಲ್ಲಿ ಮಲಗಿದ್ದ ಗೆಳೆಯನನ್ನು ಆ ಬೆಳಿಗ್ಗೆಯಷ್ಟೇ ನೋಡಿ ಬಂದಿದ್ದ.

“ಎಂಜಿನ್ ಹಿಂದೆಯೇ ಇರುತ್ತದೆ. ಮುಂದಕ್ಕೆ ತಂದರೆ ಅದು ಬೇರೆ ಯಾರದೋ ಕಾರು. ಉಳಿದದ್ದೆಲ್ಲ ನನಗೆ ಬಿಡಿ” ಎಂದ.

ಮಾಲೀಕರು ಅವನನ್ನು ಮೊಂಡ ಎಂದು ಬೈದು, ಒಲ್ಲದ ಮನಸ್ಸಿನಿಂದ ಒಪ್ಪಿದರು. ಓಟ್ಮಾರ್ ಹಿಂದಿನ ಚಕ್ರಗಳನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ. ಟೈರುಗಳನ್ನು ಅಗಲ ಮಾಡಿದ. ವರ್ಷಗಳು ಉರುಳಿದವು, ಕಾರಿನ ತಲೆಮಾರುಗಳೂ ಉರುಳಿದವು. ಪ್ರತಿ ತಲೆಮಾರಿನಲ್ಲೂ ತಾನೇ ಮಾಡಿದ್ದನ್ನು ಕಿತ್ತು ಹೊಸದನ್ನು ಕೂರಿಸಿದ. ಗಾಳಿಯಿಂದ ತಣಿಯುತ್ತಿದ್ದ ಹಳೆಯ ಎಂಜಿನ್ ಇನ್ನು ಹೆಚ್ಚು ಶಕ್ತಿ ಕೊಡಲಾರದು ಎಂದಾದಾಗ ಅದನ್ನೂ ತೆಗೆದ. ನೀರಿನಿಂದ ತಣಿಯುವ ಎಂಜಿನನ್ನು ತಂದ. ಅದನ್ನು ಕೂರಿಸಿದ್ದೂ ಹಿಂದೆಯೇ.

ಆಗ ಕಾರಿನ ಹಳೆಯ ಅಭಿಮಾನಿಗಳು ಕಾರ್ಖಾನೆಯ ಬಾಗಿಲಿಗೆ ಬಂದರು. “ಹಳೆಯ ಎಂಜಿನ್ನಿನ ಆ ಸದ್ದಿಗೇ ಅಲ್ಲವೇ ನಾವು ಮರುಳಾಗಿದ್ದು? ಅದನ್ನೇ ಕೊಂದೆಯಲ್ಲ, ದ್ರೋಹಿ!” ಎಂದು ಕೂಗಿದರು. ಓಟ್ಮಾರನಿಗೆ ನೋವಾಯಿತು. ಆ ಸದ್ದೆಂದರೆ ಅವನಿಗೂ ಪ್ರಾಣ. ಆದರೂ ಅವನು ಹಳೆಯದಕ್ಕೆ ಮರಳಲಿಲ್ಲ. ಅವರೆಲ್ಲರ ಎದುರಿಗೇ ಹೊಸ ಕಾರಿನ ಕೀಲಿಯನ್ನು ಯೋಸ್ಟನ ಕೈಗಿತ್ತ. ಯೋಸ್ಟ್ ಸುರಿಯುವ ಮಳೆಯಲ್ಲಿ ಬೆಟ್ಟದ ರಸ್ತೆಯನ್ನೆಲ್ಲ ಸುತ್ತಿ, ನಗುತ್ತ ಮರಳಿದ.

ಶಿಷ್ಯನ ಮುಖ ಅರಳಿತು. “ಹಾಗಾದರೆ ಹಟ ಹಿಡಿದದ್ದೇ ಸರಿಯಾಯಿತು!” ಎಂದ.

ಗುರುಗಳು ಹೇಳಿದರು: “ಬದಲಿಸು ಎಂದವರೂ ಅವನನ್ನು ಬೈದರು, ಬದಲಿಸಬೇಡ ಎಂದವರೂ ಬೈದರು. ನಿನ್ನನ್ನು ಹಳಬರು ಇನ್ನೂ ಒಮ್ಮೆಯೂ ಬೈದಿಲ್ಲವಲ್ಲ, ಮಗು.”