ಬ್ರೆಜಿಲ್ ಬೆಳೆಗೆ ಅರ್ಧ ಲೋಟ

ಕಣದ ಕಾಫಿ ಒಣಗಿ ಮೂಟೆ ಸೇರಿದ್ದೇ ತಡ, ದಲ್ಲಾಳಿ ವಿರೂಪಾಕ್ಷಯ್ಯ ಲಾರಿ ತಂದು ಕಾವೇರಮ್ಮನ ಅಂಗಳದಲ್ಲಿ ನಿಲ್ಲಿಸಿದ. ಊರವರೂ ತಮ್ಮ ಮೂಟೆ ಹೊತ್ತು ಅಲ್ಲಿಗೇ ಬಂದರು. ಅವಳು ಎಷ್ಟಕ್ಕೆ ಕೊಟ್ಟರೆ ಊರೂ ಅಷ್ಟಕ್ಕೇ ಕೊಡುತ್ತಿತ್ತು.

“ಬ್ರೆಜಿಲ್‌ನಲ್ಲಿ ಬಂಪರ್ ಬೆಳೆ ಕಣಮ್ಮ. ಅದಕ್ಕೇ ಇಲ್ಲಿ ಅರ್ಧ ಬೆಲೆ. ಕೊಡ್ತೀಯೋ, ಮೂಟೆ ಮೇಲೆ ಕೋಳಿ ಹಂಗೆ ಕಾವು ಕೂರ್ತೀಯೋ?”

ಊರವರ ಮುಖ ಬಾಡಿತು. ಕಾವೇರಮ್ಮ ಮಾತ್ರ, “ಮೊದಲು ಕಾಫಿ ಕುಡೀರಿ ಸಾಹುಕಾರ್ರೆ” ಎಂದು ಒಳಹೋಗಿ ಅರ್ಧ ಲೋಟ ತಂದುಕೊಟ್ಟಳು.

“ಇದೇನಮ್ಮ, ಅರ್ಧ?”

“ಬ್ರೆಜಿಲ್‌ನೋರು ಹೊಟ್ಟೆ ತುಂಬ ಕುಡಿದಿದ್ದಾರಂತೆ. ಅಲ್ಲಿ ಹೆಚ್ಚಾದ್ರೆ ಇಲ್ಲಿ ಅರ್ಧ ಅಂದೋರು ನೀವೇ ಅಲ್ವಾ?”

ಅಂಗಳವೆಲ್ಲ ನಕ್ಕಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. “ಹೋದ ವರ್ಷ ಅಲ್ಲಿ ಹಿಮ ಬಿದ್ದು ಗಿಡ ಸುಟ್ಟು ಹೋಯ್ತಲ್ಲ, ಆಗ ಯಾಕೆ ಬೆಲೆ ಏರಿಸಲಿಲ್ಲ?”

“ಆ ಸುದ್ದಿ ನನಗೆ ಮುಟ್ಟಲೇ ಇಲ್ಲಮ್ಮ.”

“ಸರಿ ಬಿಡಿ, ಈ ಬಂಪರ್ ಸುದ್ದೀನೂ ನಮಗೆ ಮುಟ್ಟಲಿಲ್ಲ.”

ಊರವರು ನಗುತ್ತಲೇ ಮೂಟೆಗಳನ್ನು ಮತ್ತೆ ಹೆಗಲಿಗೇರಿಸಿ ಮನೆ ಕಡೆ ತಿರುಗಿದರು.

ವಿರೂಪಾಕ್ಷಯ್ಯ ಖಾಲಿ ಲಾರಿ ನೋಡಿದ. ಖಾಲಿಯಾದ ಲೋಟವನ್ನೂ ನೋಡಿದ. ಆಮೇಲೆ ಮೆಲ್ಲಗೆ ಲೋಟ ಮುಂದೆ ಚಾಚಿದ.

“ಬೆಲೆ ಪೂರ್ತಿ ಕೊಡ್ತೀನಿ, ಲೋಟ ತುಂಬಿಸಿ ಕಾವೇರಮ್ಮನೋರೇ. ಬ್ರೆಜಿಲ್‌ನಲ್ಲಿ ಈಗಷ್ಟೇ ಹಿಮ ಬಿತ್ತು!”